ಹಲ್ಲಿನ ಡಾಕ್ಟರನ್ನು ಕೇಳಲು ದಾಕ್ಷಿಣ್ಯವೇಕೆ?

ನಮ್ಮ ಕ್ಲಿನಿಕ್ಕಿಗೆ ಬರುವವರು ಬಿಲ್ಲಿನ ವಿಷಯದಲ್ಲಿ ಧಾರಾಳವಾಗಿ ಚೌಕಾಸಿ ಮಾಡುತ್ತಾರೆ. ರೂಟ್ ಕೆನಾಲ್‌ಗೆ ಪಕ್ಕದ ಬೀದಿಯಲ್ಲಿ ಎಷ್ಟು ತೆಗೆದುಕೊಳ್ಳುತ್ತಾರೆ ಎಂಬುದೂ ಅವರಿಗೆ ಗೊತ್ತು. ಆದರೆ ಬಾಯಿಗೆ ಹಾಕುವ ಸಲಕರಣೆಯನ್ನು ಹೇಗೆ ಶುದ್ಧ ಮಾಡಿದ್ದೀರಿ ಎಂದು ಕೇಳುವವರು ಅಪರೂಪ. ಡಾಕ್ಟರಿಗೆ ಬೇಸರವಾದೀತು ಎಂಬ ದಾಕ್ಷಿಣ್ಯ. ಅದನ್ನು ಬಿಡಿ ಎಂದು ಹೇಳುವುದಕ್ಕೇ, ಸ್ವತಃ ದಂತವೈದ್ಯನಾಗಿ, ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ವಾಣಿಯಂಬಾಡಿ ಸಿಗುತ್ತದೆ. ಅಲ್ಲಿನ ಒಂದು ದಂತ ಚಿಕಿತ್ಸಾಲಯಕ್ಕೆ 2022–23ರಲ್ಲಿ ಹೋಗಿಬಂದವರ ಪೈಕಿ ಹತ್ತು ಮಂದಿಗೆ ಮೆಲಿಯಾಯ್ಡೋಸಿಸ್ ಮೆದುಳಿಗೇ ಏರಿತು. ಎಂಟು ಮಂದಿ ತೀರಿಕೊಂಡರು. ಮಣ್ಣು, ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾದಿಂದ ಬರುವ ಸೋಂಕು ಅದು; ನಮ್ಮ ಕರಾವಳಿಯ ವೈದ್ಯರಿಗೆ ಮಳೆಗಾಲದಲ್ಲಿ ಚೆನ್ನಾಗಿ ಪರಿಚಿತ. ತನಿಖೆ ಬೊಟ್ಟು ಮಾಡಿದ್ದು ಬಾಯಿ ತೊಳೆಯಲು ಬಳಸುವ ಸಲೈನ್ (ಉಪ್ಪುನೀರು) ಬಾಟಲಿಯತ್ತ. ವಸಡು ಬಿಡಿಸುವ ಎಲಿವೇಟರ್ ಎಂಬ ಸಲಕರಣೆಯಿಂದಲೇ ಅದರ ಮುಚ್ಚಳ ತೆರೆದು, ಸಡಿಲವಾಗಿ ಮುಚ್ಚಿಟ್ಟು, ಮುಂದಿನವರಿಗೂ ಅದನ್ನೇ ಬಳಸುತ್ತಿದ್ದರು. ಹೊಸ ಬಾಟಲಿಗೆ ಒಂದು ಮಸಾಲೆ ದೋಸೆಯಷ್ಟೂ ಬೆಲೆ ಇಲ್ಲ.

ಕುದಿಯುವ ನೀರಿಗೆ ಹಾಕಿದರೆ ಎಲ್ಲವೂ ಸಾಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಸ್ಪೋರ್ ಎಂಬ ಗಟ್ಟಿ ಕವಚ ಕಟ್ಟಿಕೊಳ್ಳುವ ಬ್ಯಾಕ್ಟೀರಿಯಾ ಅದಕ್ಕೆ ಜಗ್ಗುವುದಿಲ್ಲ. ನೀಲಿ ಬೆಳಕಿನ ಯುವಿ ಪೆಟ್ಟಿಗೆ ನೋಡಿ ಬೆರಗಾಗುವವರೂ ಇದ್ದಾರೆ. ಶುದ್ಧವಾದುದನ್ನು ಇಟ್ಟುಕೊಳ್ಳಲು ಅದು ಸರಿ, ಶುದ್ಧ ಮಾಡಲು ಅಲ್ಲ. ಬೇಕಿರುವುದು ಆಟೋಕ್ಲೇವ್. ಸಾಮಾನ್ಯ ಯಂತ್ರವಾದರೆ ಪೌಚ್‌ನಲ್ಲಿ (ಮುಚ್ಚಿದ ಚೀಲದಲ್ಲಿ) ಇಟ್ಟ ಸಲಕರಣೆಗೆ ಒತ್ತಡದ ಹಬೆಯಲ್ಲಿ, 121 ಡಿಗ್ರಿ ಸೆಲ್ಸಿಯಸ್‌ನಲ್ಲಿ, 30 ನಿಮಿಷ ಬೇಕು. ಪೌಚ್‌ ಮೇಲಿನ ಗುರುತು ಬಣ್ಣ ಬದಲಿಸಿದರೆ ಹಬೆ ತಾಗಿದೆ ಎಂದಷ್ಟೇ ಅರ್ಥ. ಯಂತ್ರ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸ್ಪೋರ್‌ಗಳನ್ನು ಒಳಗಿಟ್ಟು ಅವು ಸತ್ತವೇ ಎಂದು ನೋಡುವ ಸ್ಪೋರ್ ಪರೀಕ್ಷೆಯನ್ನೇ ಮಾಡಬೇಕು.

ನನ್ನನ್ನು ಹೆಚ್ಚು ಕಾಡುವುದು ಹ್ಯಾಂಡ್‌ಪೀಸ್, ಅಂದರೆ ಹಲ್ಲು ಕೊರೆಯುವ ಆ ಗುಂಯ್‌ಗುಡುವ ಸಲಕರಣೆ. ನಿಂತ ಕ್ಷಣದಲ್ಲಿ ಅದು ಬಾಯಿಯ ನೀರು, ರಕ್ತವನ್ನು ಒಳಕ್ಕೆ ಎಳೆದುಕೊಳ್ಳಬಲ್ಲದು. ಹೊರಗೆ ಸ್ಪಿರಿಟ್ ಹಚ್ಚಿ ಒರೆಸಿದರೆ ಒಳಗಿನದ್ದು ಎಲ್ಲಿಗೆ ಹೋಗುತ್ತದೆ? ಪ್ರತಿ ರೋಗಿಯ ನಂತರ ಅದೂ ಆಟೋಕ್ಲೇವ್‌ಗೆ ಹೋಗಬೇಕು. ಎರಡೇ ಹ್ಯಾಂಡ್‌ಪೀಸ್ ಇಟ್ಟುಕೊಂಡು ಒಂದೇ ಸಂಜೆ ಹದಿನೈದು ಹಲ್ಲು ಕೊರೆಯುವ ಕಡೆ ಈ ಲೆಕ್ಕ ಕೂಡುವುದಿಲ್ಲ. ಆದ್ದರಿಂದ 'ಡಾಕ್ಟ್ರೇ, ನಿಮ್ಮಲ್ಲಿ ಹ್ಯಾಂಡ್‌ಪೀಸ್ ಎಷ್ಟಿವೆ?' ಎಂದು ಕೇಳಿ. ಗೋಡೆಯ ಮೇಲಿನ ಪ್ರಮಾಣಪತ್ರಗಳಿಗಿಂತ ಹೆಚ್ಚು ಸಂಗತಿ ಆ ಉತ್ತರದಿಂದ ಗೊತ್ತಾಗುತ್ತದೆ.

ಕುರ್ಚಿಗೆ ಅಂಟಿಕೊಂಡ ಸಣ್ಣ ಕೊಳವೆಗಳ ನೀರೂ ಕಡಿಮೆ ಅಪಾಯಕಾರಿಯಲ್ಲ. ಒಳಗೋಡೆಯಲ್ಲಿ ಬ್ಯಾಕ್ಟೀರಿಯಾದ ಲೋಳೆ ಕಟ್ಟುತ್ತದೆ. ಇಟಲಿಯಲ್ಲಿ 2011ರಲ್ಲಿ 82 ವರ್ಷದ ಮಹಿಳೆಯೊಬ್ಬರು ಇಂಥ ನೀರಿನಿಂದ ಬಂದ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಶ್ವಾಸಕೋಶದ ಸೋಂಕಿನಿಂದ ಸತ್ತರು.

ಇನ್ನು ಉಚಿತ ಶಿಬಿರಗಳು. ಶಾಲೆಯ ಜಗುಲಿಯಲ್ಲಿ ಟೇಬಲ್ ಹಾಕಿ, ಟ್ರೇಯಲ್ಲಿನ ದ್ರಾವಣದಲ್ಲಿ ಅದ್ದಿ ತೆಗೆದ ಇಕ್ಕಳದಿಂದ ಸಾಲಾಗಿ ಹಲ್ಲು ಕೀಳುವುದನ್ನು ಸೇವೆ ಎನ್ನಲು ನನಗೆ ಮನಸ್ಸಿಲ್ಲ. ಅಲ್ಲಿ ತಪಾಸಣೆ ಮಾಡಲಿ, ಹಲ್ಲುಜ್ಜುವುದನ್ನು ಕಲಿಸಲಿ. ಕೀಳಬೇಕಾದವರನ್ನು ಗಾಡಿ ಮಾಡಿ ಕ್ಲಿನಿಕ್ಕಿಗೆ ಕರೆತರಲಿ. ಹಾರ, ಶಾಲು, ಬ್ಯಾನರಿನ ಖರ್ಚಿನಲ್ಲೇ ಅದೂ ಆಗುತ್ತದೆ.