ಹತ್ತಿರದ ರೇಕ್ ಕೊಟ್ರ ನ್ಯಾಯ ಆಗೂದಿಲ್ರಿ

ಇವತ್ತ ಹೋಟಗಿ ಜಂಕ್ಷನ್ ದಾಟಿ ಮತ್ತೊಂದು ಖಾಲಿ ರೇಕ್ (ಒಟ್ಟಿಗೆ ಓಡೂ ಗೂಡ್ಸ್ ವ್ಯಾಗನ್ನಿನ ಸಾಲು) ವಾಡಿ ಕಡೆ ಹೋತು. ಸಿಟ್ಟು ತಡೀಲಿಕ್ಕೆ ಆಗವಲ್ದು. "ಮೊದಲು ಇಂಡೆಂಟ್ ಹಾಕಿದವ್ರಿಗೆ ಹತ್ತಿರದ ರೇಕ್ ಕೊಡ್ರಿ" ಅಂತ ನಮ್ಮ ಮಂದಿನೇ ಕೇಳ್ತಾರ. ಇಂಡೆಂಟ್ ಅಂದ್ರ ರೇಕ್ ಬೇಕು ಅಂತ ರೈಲ್ವೆಗೆ ಹಾಕೂ ಬೇಡಿಕೆ. ಕೇಳಲಿಕ್ಕೆ ನ್ಯಾಯ ಅನಸ್ತದ. ಖಾಲಿ ಓಟ ಬೆಳೆಯೂದು ಅದರಿಂದನೇ.

ಲೆಕ್ಕ ಹಿಡೀರಿ. ಹೋಟಗಿಗೊಂದು, ವಾಡಿಗೊಂದು ಸಿಮೆಂಟ್ ರೇಕ್ ಬೇಕಾಗ್ಯಾವ. ಖಾಲಿ ಇದ್ದದ್ದು ಕಲಬುರಗಿಯಾಗ ಒಂದು, ಬಾಗಲಕೋಟಿಯಾಗ ಒಂದು. ಹೋಟಗಿಯವ್ರು ಮೊದಲು ಕೇಳ್ಯಾರ, ಅವ್ರಿಗೆ ಹತ್ತಿರದ್ದು ಕಲಬುರಗಿದು, ಸುಮಾರು 100 ಕಿ.ಮೀ. ಕೊಟ್ರಿ. ಈಗ ವಾಡಿಗೆ ಬಾಗಲಕೋಟಿದೇ ಗತಿ: ಹೋಟಗಿ ತನಕ 190, ಮುಂದ 135. ಒಟ್ಟು ಖಾಲಿ ಓಟ 425. ಅದಲಿ ಬದಲಿ ಮಾಡ್ರಿ: ಹೋಟಗಿಗೆ ಬಾಗಲಕೋಟಿದು 190, ವಾಡಿಗೆ ಕಲಬುರಗಿದು 40. 230ಕ್ಕ ಮುಗೀತು! ಹೋಟಗಿಯವ್ರು ಕೆಲವು ತಾಸು ಹೆಚ್ಚಿಗಿ ಕಾಯಬೇಕು, ಅಷ್ಟ. ಎಲ್ಲಾ ಇಂಡೆಂಟು, ಎಲ್ಲಾ ರೇಕು ಒಂದೇ ಕೋಷ್ಟಕದಾಗಿಟ್ಟು ಒಟ್ಟು ಖರ್ಚು ಇಳಸೂ ದಾರಿ ಹೊಸದಲ್ಲ. ಗಣಿತಜ್ಞ ಹೆರಾಲ್ಡ್ ಕೂನ್ ಅವರು ಇಂಥ ಹಂಚಿಕಿ ಲೆಕ್ಕ ಬಿಡಸೂ 'ಹಂಗೇರಿಯನ್ ವಿಧಾನ' ಪ್ರಕಟಿಸಿದ್ದು 1955ರಾಗ.

ಆದ್ರ ಆ ಕೋಷ್ಟಕದಾಗ ಬರೇ ಕಿಲೋಮೀಟರ್ ತುಂಬಬ್ಯಾಡ್ರಿ, ತಾಸು ತುಂಬ್ರಿ. ಬಿಸಿಎನ್‌ಎಚ್‌ಎಲ್ (ಚೀಲದ ಸರಕಿನ ಮುಚ್ಚಿದ ವ್ಯಾಗನ್) ರೇಕ್ ಅಂದ್ರ 58 ವ್ಯಾಗನ್, ಉದ್ದ ಸುಮಾರು 640 ಮೀಟರ್. ಗೂಡ್ಸ್ ಶೆಡ್ಡಿನ ಲೈನ್ ಅರ್ಧ ರೇಕಿಗೇ ಸಾಲ್ತದ ಅಂದ್ರ 29-29 ಕಡಿದು ಎರಡು ಸಲ ಶಂಟಿಂಗ್ ಆಗಬೇಕು. ಕಡೀ ವ್ಯಾಗನ್ ಮುಗಿಯೂ ತನಕ ಇಡೀ ರೇಕ್ ನಿಂತಂಗ. ಒಂದು ವ್ಯಾಗನ್ನಿಗೆ 50 ಕಿಲೋದ ಚೀಲ ಹತ್ತಿರ ಹತ್ತಿರ 1,400, ರೇಕಿಗೆ 80,000ದ ಮ್ಯಾಲೆ. ಇಳಸೂ ಕಡೆ 20 ಟನ್ನಿನ ಲಾರಿ ಅಂದ್ರೂ 200 ಖೇಪು. ನಡುರಾತ್ರಿ ರೇಕ್ ಮುಟ್ಟಿತು, ಹಮಾಲರಿಲ್ಲ, ಲಾರಿ ಇಲ್ಲ; ಉಳಿಸಿದ 195 ಕಿ.ಮೀ. ಅಲ್ಲೇ ನೀರಾಗ ಹೋಯ್ತು.

ಕೋಷ್ಟಕದ ಕೆಲವು ಮನೆ ಪೂರಾ ಕಾಟು ಹೊಡೀಬೇಕು. ಕಲ್ಲಿದ್ದಲಿನ ಬಾಕ್ಸ್‌ಎನ್ ಖಾಲಿ ಹೊಂಟದ, ಸಿಮೆಂಟ್ ಯಾಕ ಹಾಕಬಾರ್ದು ಅಂತೀರಿ. ಅದು ಮ್ಯಾಲೆ ತೆರೆದ ವ್ಯಾಗನ್ರಿ, ಒಂದು ಮಳಿಗೆ ಚೀಲ ಗಟ್ಟಿ. ಬ್ರೇಕ್ ಪವರ್ ಸರ್ಟಿಫಿಕೇಟೂ (ರೇಕಿನ ಬ್ರೇಕ್ ಪರೀಕ್ಷೆ ಮಾಡಿ ಕೊಡೂ ಪತ್ರ) ನೋಡಬೇಕು: ಕ್ಲೋಸ್ಡ್ ಸರ್ಕ್ಯೂಟ್ ರೇಕಿಗೆ, ಅಂದ್ರ ಗೊತ್ತಾದ ಡಿಪೋದಾಗೇ ಪರೀಕ್ಷೆ ಆಗೂ ರೇಕಿಗೆ, ಅದರ ಅವಧಿ 7,500 ಕಿ.ಮೀ. ಇಲ್ಲಾ 35 ದಿನ, ಯಾವುದು ಮೊದಲೋ ಅದು. 7,000 ಓಡಿದ ರೇಕನ್ನ 1,200 ಕಿ.ಮೀ. ದೂರದ ಸರಕಿಗೆ ಹಚ್ಚಿದ್ರ, ನಡುವನೇ ಆ ಗಡಿ ದಾಟ್ತದ.

"ಎಫ್‌ಓಐಎಸ್ (ರೈಲ್ವೆಯ ಸರಕು ಸಾಗಣೆ ಮಾಹಿತಿ ವ್ಯವಸ್ಥೆ) ಅದ, ಕಂಪ್ಯೂಟರ್ ನೋಡ್ಕೊಳ್ತದ" ಅನ್ನಬ್ಯಾಡ್ರಿ. ರೇಕ್ ಎಲ್ಲದ ಅಂತ ಅದು ತೋರಸ್ತದ. ಇಳಸೂದು ಮುಗಿದು ಆರು ತಾಸಿನ ಮ್ಯಾಲೆ "ರಿಲೀಸ್" (ರೇಕ್ ಖಾಲಿ ಆತು) ಅಂತ ಅದರಾಗ ನಮೂದಿಸಿದ್ರ, ಆ ಆರು ತಾಸು ರೇಕ್ ಕೋಷ್ಟಕದಾಗೇ ಇರೂದಿಲ್ಲ. ಅದಕ್ಕ ಇಳಸೂದು ಅರ್ಧ ಆದಾಗನೇ "ಇಷ್ಟೊತ್ತಿಗೆ ಖಾಲಿ" ಅಂತ ಅಂದಾಜು ಹಾಕಬೇಕು, ಎರಡೆರಡು ತಾಸಿಗೆ ತಿದ್ದಬೇಕು.

ಸರದಿ ಮುರಿದ್ರ ಸಣ್ಣ ವ್ಯಾಪಾರಿ ಸಾಯ್ತಾನ ಅನ್ನೂ ಮಾತಿಗೆ ನನಗ ಗೌರವ ಅದ. ಹಂಗಂತ ಹತ್ತಿರದ ರೇಕೇ ಕೊಡಬೇಕು ಅಂತೇನಿಲ್ಲ. ಇಂಡೆಂಟ್ ಹಳೇದಾದಂಗ ಅದರ ತೂಕ ಏರಸ್ರಿ, ಇಷ್ಟು ತಾಸಿನ ಮ್ಯಾಲೆ ಯಾರನ್ನೂ ದಾಟಿ ಹೋಗಬಾರ್ದು ಅಂತ ಗೆರಿ ಹಾಕ್ರಿ. ಆ ಗೆರಿ ಒಳಗ ರೇಕ್ ಅದಲಿ ಬದಲಿ ಮಾಡಲಿಕ್ಕೆ ಬಿಡ್ರಿ.