ಐದು ಡಾಲರಿನ ಗಂಡ

ಅಮೆರಿಕದ ಪ್ರಜೆಯೊಬ್ಬ ಬ್ರಹ್ಮಚಾರಿಯಾಗಿದ್ದರೆ, 2024ರಲ್ಲಿ ಅವನ ಆದಾಯ 14,600 ಡಾಲರ್ ಮುಟ್ಟುವ ತನಕ ಆ ದೇಶದ ತೆರಿಗೆ ಇಲಾಖೆ ಸಾಮಾನ್ಯವಾಗಿ ಅವನ ಗೋಜಿಗೆ ಹೋಗುತ್ತಿರಲಿಲ್ಲ. ಅದೇ ಮನುಷ್ಯ ಪರದೇಶದ ಹೆಣ್ಣನ್ನು ಮದುವೆಯಾಗಿ, ಹೆಂಡತಿಗೆ ಅಮೆರಿಕದ ತೆರಿಗೆ ಸಂಖ್ಯೆ ಇಲ್ಲವಲ್ಲ ಎಂದು ‘ವಿವಾಹಿತ, ಪ್ರತ್ಯೇಕ ಸಲ್ಲಿಕೆ’ ಎಂಬ ಚೌಕಕ್ಕೆ ಗುರುತು ಹಾಕಿದನೋ, ಮಿತಿ ಐದು ಡಾಲರಿಗೆ ಇಳಿಯುತ್ತದೆ. ಸೊನ್ನೆಗಳು ಎಲ್ಲೋ ಉದುರಿಹೋಗಿವೆ ಎಂದು ಕನ್ನಡಕ ಹುಡುಕಬೇಡಿ. ಇಲಾಖೆಯ ಕೋಷ್ಟಕದಲ್ಲಿ ವಯಸ್ಸಿನ ಮುಂದೆ ‘ಯಾವುದೇ ವಯಸ್ಸು’ ಎಂದೂ ಆದಾಯದ ಮುಂದೆ 5 ಎಂದೂ ಅಚ್ಚಾಗಿದೆ. ಮದುವೆಯಾದ ಮೇಲೆ ಗಂಡಸಿನ ಬೆಲೆ ಇಳಿಯುತ್ತದೆ ಎಂದು ನಮ್ಮಲ್ಲಿ ಬಾಯಿಮಾತಿಗೆ ಹೇಳುವವರು ಬಹಳ ಮಂದಿ ಇದ್ದಾರೆ. ಎಷ್ಟಕ್ಕೆ ಎಂದು ಲೆಕ್ಕ ಹಾಕಿ ಮುದ್ರಿಸಿದ ಕೀರ್ತಿ ಅಮೆರಿಕದ್ದು.

ಈ ಐದು ಡಾಲರಿನ ಗಂಡಂದಿರು ಬೆಂಗಳೂರಿನಲ್ಲಿಯೂ ಇದ್ದಾರೆ. ಒಬ್ಬನನ್ನು ಕಲ್ಪಿಸಿಕೊಳ್ಳಿ. ಹುಟ್ಟಿ ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಕಾಲೇಜು ಮುಗಿಸಿ, ಸಾಗರೋತ್ತರ ಭಾರತೀಯ ಪ್ರಜೆಯ ಕಾರ್ಡು ಹಿಡಿದು ವೈಟ್‌ಫೀಲ್ಡಿನ ಕಂಪನಿಗೆ ಸೇರಿದವನು. ಅಪ್ಪ ಅಮ್ಮ ಗ್ರೀನ್ ಕಾರ್ಡನ್ನು ಸರ್ಕಾರಕ್ಕೆ ಒಪ್ಪಿಸಿ ಹಾಸನಕ್ಕೆ ಮರಳಿದ್ದಾರೆ. ಸಂಬಳದಲ್ಲಿ ತಿಂಗಳು ತಿಂಗಳು ತೆರಿಗೆ ಮುರಿಯುತ್ತದೆ, ವರ್ಷಕ್ಕೊಮ್ಮೆ ಫಾರಂ 16 ಬರುತ್ತದೆ, ಜುಲೈ ಕೊನೆಯೊಳಗೆ ರಿಟರ್ನ್ಸ್ ಸಲ್ಲಿಸುತ್ತಾನೆ. ತಾನು ಪ್ರಾಮಾಣಿಕ ಎಂಬ ಭ್ರಮೆಯಲ್ಲಿ ನೆಮ್ಮದಿಯಾಗಿದ್ದಾನೆ. ಮೈಸೂರಿನ ಹುಡುಗಿಯನ್ನು ಮದುವೆಯಾಗಿ, ಇಬ್ಬರೂ ಅಮೆರಿಕಕ್ಕೆ ಹೋಗಿ ನೆಲೆಸೋಣ ಎಂದು ಹೊರಟ ದಿನವೇ ಆ ನೆಮ್ಮದಿಗೆ ಕೊನೆ.

ಮೊದಲು ಐ-130 ಎಂಬ ಅರ್ಜಿ: ಇವಳು ನನ್ನ ಹೆಂಡತಿ ಎಂದು ಸಾಬೀತುಪಡಿಸುವುದು. ಮದುವೆಯ ಆಲ್ಬಂ ಇರುವ ದೇಶದವರಿಗೆ ಇದು ಸುಲಭ. ಆಮೇಲೆ ಬರುತ್ತದೆ ಐ-864. ಹೆಂಡತಿಯನ್ನು ಸರ್ಕಾರದ ಮೇಲೆ ಹೊರೆಯಾಗಲು ಬಿಡುವುದಿಲ್ಲ, ನಾನೇ ಸಾಕುತ್ತೇನೆ ಎಂಬ ಮುಚ್ಚಳಿಕೆ. ಅದರ ಜೊತೆಗೆ ಅಮೆರಿಕದಲ್ಲಿ ಸಲ್ಲಿಸಿದ ಇತ್ತೀಚಿನ ತೆರಿಗೆ ರಿಟರ್ನ್ಸ್ ಲಗತ್ತಿಸಬೇಕು. ಸಲ್ಲಿಸಬೇಕಾಗಿದ್ದು ಸಲ್ಲಿಸಿಲ್ಲವೇ? ಹಳೆಯ ಬಾಕಿಯನ್ನೆಲ್ಲ ಸಲ್ಲಿಸಿ, ಆಮೇಲೆ ಬನ್ನಿ.

ಹುಡುಗಿಯ ತಂದೆ ಖಜಾನೆ ಇಲಾಖೆಯಲ್ಲಿ ಜೀವಮಾನವಿಡೀ ಬಿಲ್ಲುಗಳಿಗೆ ಆಕ್ಷೇಪಣೆ ಬರೆದು ನಿವೃತ್ತರಾದವರು. ಅವರಿಗೆ ಕಾಗದವೆಂದರೆ ಭಯವಿಲ್ಲ, ಒಂದು ಬಗೆಯ ಪ್ರೀತಿಯೇ ಇದೆ.

“ತೆರಿಗೆ ಕಟ್ಟಿದ್ದೀರಲ್ಲ, ಅಳಿಯಂದಿರೇ?”

“ಇಲ್ಲಿ ಕಟ್ಟಿದ್ದೇನೆ, ಮಾವ.”

“ಅಲ್ಲಿ ಏನಾದರೂ ಸಂಪಾದನೆ ಇದೆಯೇ?”

“ಇಲ್ಲ.”

“ಮನೆ, ನಿವೇಶನ?”

“ಅದೂ ಇಲ್ಲ.”

“ಮತ್ತೆ ಯಾವ ಬಾಬ್ತಿಗೆ ಲೆಕ್ಕ ಕೇಳುತ್ತಾರೆ?”

“ಅಲ್ಲಿ ಹುಟ್ಟಿದ್ದೇನಲ್ಲ, ಅದಕ್ಕೆ.”

ಮಾವನವರು ಬಹಳ ಹೊತ್ತು ಸುಮ್ಮನಿದ್ದರು. “ಎಷ್ಟು ವರ್ಷ ಸರ್ವಿಸು ಮಾಡಿದೆ. ಈ ಆಕ್ಷೇಪಣೆ ನನಗೆ ಹೊಳೆಯಲೇ ಇಲ್ಲ” ಎಂದರು. ಧ್ವನಿಯಲ್ಲಿ ಇದ್ದದ್ದು ಅಸೂಯೆ.

ಬಹುತೇಕ ದೇಶಗಳು ಮನುಷ್ಯ ಎಲ್ಲಿ ವಾಸವಾಗಿದ್ದಾನೆ ಎಂದು ನೋಡಿ ತೆರಿಗೆ ಹಾಕುತ್ತವೆ. ನಮ್ಮ ದೇಶವೂ 182 ದಿನ ಎಂದು ಏನೋ ಒಂದು ಲೆಕ್ಕ ಇಟ್ಟುಕೊಂಡಿದೆ. ಅಮೆರಿಕ ಪೌರತ್ವವನ್ನು ನೋಡುತ್ತದೆ. ಇದರ ಬೇರು 1861ರ ಅಂತರ್ಯುದ್ಧದ ಕಾಲದ ಆದಾಯ ತೆರಿಗೆ ಕಾನೂನಿನಲ್ಲಿದೆ. ಯುದ್ಧದ ಖರ್ಚಿಗೆ ಹಣ ಬೇಕಾಗಿತ್ತು, ಪರದೇಶದಲ್ಲಿ ಹಾಯಾಗಿದ್ದವರನ್ನೂ ಬಿಡಬಾರದು ಎನಿಸಿತು. ಯುದ್ಧ ನಾಲ್ಕು ವರ್ಷದಲ್ಲಿ ಮುಗಿಯಿತು. 1924ರಲ್ಲಿ ಮೆಕ್ಸಿಕೋದಲ್ಲಿ ನೆಲೆಸಿದ್ದ ಕುಕ್ ಎಂಬವನು, ನನ್ನ ಆಸ್ತಿಯೂ ಇಲ್ಲಿ, ನಾನೂ ಇಲ್ಲಿ, ನಿಮಗೇಕೆ ತೆರಿಗೆ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದ. ಪ್ರಜೆ ಎಲ್ಲಿದ್ದರೂ ಅವನಿಗೆ ಸರ್ಕಾರದಿಂದ ಪ್ರಯೋಜನವಿದ್ದೇ ಇರುತ್ತದೆ, ಕಟ್ಟು ಎಂದಿತು ನ್ಯಾಯಾಲಯ. ನ್ಯೂಯಾರ್ಕಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಊರು ಬಿಟ್ಟ ಬೋರಿಸ್ ಜಾನ್ಸನ್ ಲಂಡನ್ನಿನ ಮೇಯರ್ ಆಗಿದ್ದಾಗ, ಲಂಡನ್ನಿನ ಸ್ವಂತ ಮನೆ ಮಾರಿದ್ದಕ್ಕೆ ಅಮೆರಿಕಕ್ಕೆ ತೆರಿಗೆ ಕೊಡಬೇಕಾಯಿತು. ಕೂಗಾಡಿ, ಕಟ್ಟಿ, 2016ರಲ್ಲಿ ಆ ಪೌರತ್ವವನ್ನೇ ಬಿಟ್ಟರು. ನಮ್ಮ ಅಳಿಯನಿಗೆ ಆ ದಾರಿಯೂ ಇಲ್ಲ. ಪೌರತ್ವ ಬಿಟ್ಟರೆ ಹೆಂಡತಿಯನ್ನು ಕರೆದೊಯ್ಯುವ ಹಕ್ಕೂ ಹೋಯಿತು.

ಹೀಗೆ ಪೌರತ್ವ ನೋಡಿ ಹೊರದೇಶದವರಿಂದ ವಸೂಲಿ ಮಾಡುವ ವಿಷಯದಲ್ಲಿ ಅಮೆರಿಕದ ಜೊತೆ ಸಾಮಾನ್ಯವಾಗಿ ಹೆಸರು ಕೇಳಿಬರುವ ಇನ್ನೊಂದು ದೇಶ ಪೂರ್ವ ಆಫ್ರಿಕಾದ ಎರಿಟ್ರಿಯಾ. ಅದು ಕೇಳುವುದು ಶೇ. 2. ಆ ಹಣವನ್ನು ನೆರೆಯವರಿಗೆ ಕಿರುಕುಳ ಕೊಡಲು ಬಳಸುತ್ತಿದೆ, ಬೆದರಿಸಿ ವಸೂಲಿ ಮಾಡುತ್ತಿದೆ ಎಂದು 2011ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಖಂಡಿಸಿತು. ನಿರ್ಣಯದ ಪರವಾಗಿ ಕೈಯೆತ್ತಿದವರಲ್ಲಿ ಅಮೆರಿಕವೂ ಇತ್ತು. ಆ ಕೈಯನ್ನು ನಾನು ತಪ್ಪಾಗಿ ತಿಳಿಯುವುದಿಲ್ಲ. ಖಂಡನೆ ಬೆದರಿಕೆಗೆ, ತೆರಿಗೆಗಲ್ಲ.

ಹಾಗಾದರೆ ಅಳಿಯ ಎಷ್ಟು ಕಟ್ಟಬೇಕು? ಏನೂ ಇಲ್ಲ. ಇದೇ ಇಡೀ ಪ್ರಸಂಗದ ಸೊಗಸು. ಹೊರದೇಶದ ದುಡಿಮೆಗೆ ವಿನಾಯಿತಿ ಇದೆ, 2024ಕ್ಕೆ 1,26,500 ಡಾಲರ್ ತನಕ. ಆದರೆ ಕಟ್ಟಬೇಕಾದದ್ದು ಏನೂ ಇಲ್ಲ ಎಂಬುದನ್ನು ಅರ್ಜಿ ತುಂಬಿಯೇ ಹೇಳಬೇಕು. ನಮ್ಮ ಆರ್ಥಿಕ ವರ್ಷ ಏಪ್ರಿಲಿನಿಂದ ಮಾರ್ಚ್, ಅವರದು ಜನವರಿಯಿಂದ ಡಿಸೆಂಬರ್. ಎರಡು ಫಾರಂ 16 ಕತ್ತರಿಸಿ ಒಂದು ವರ್ಷ ಹೊಲಿಯಬೇಕು. ಇಷ್ಟು ವರ್ಷ ಸಲ್ಲಿಸದವರಿಗೆ ಮೂರು ವರ್ಷದ ರಿಟರ್ನ್ಸ್, ಆರು ವರ್ಷದ ಬ್ಯಾಂಕ್ ಖಾತೆಗಳ ವರದಿ, ಜೊತೆಗೆ ಇದು ಬೇಕೆಂದೇ ಮಾಡಿದ್ದಲ್ಲ ಎಂಬ ಪ್ರಮಾಣ ಕೊಟ್ಟು ಸರಿಪಡಿಸಿಕೊಳ್ಳುವ ಯೋಜನೆಯಿದೆ. ‘ಗೊತ್ತಿರಲಿಲ್ಲ’ ಎಂದು ಒಂದು ಸಾಲು ಬರೆದರೆ ಸಾಲದು. ಏಕೆ ಗೊತ್ತಿರಲಿಲ್ಲ, ಯಾವಾಗ ಗೊತ್ತಾಯಿತು, ಅನುಕೂಲವಾದದ್ದು ಅನಾನುಕೂಲವಾದದ್ದು ಎಲ್ಲ ಸೇರಿಸಿ ಪೂರ್ಣ ಕಥೆ ಬರೆಯಬೇಕು. ಅಜ್ಞಾನಕ್ಕೂ ಆತ್ಮಕಥೆ ಬೇಕು.

ಈಗ ಎರಡು ಫಾರಂಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಡೋಣ. ಮಾವನವರು ಇಟ್ಟೇ ಇಟ್ಟರು, ಮೇಲೊಂದು ಪೇಪರ್‌ವೇಟ್ ಸಹಿತ.

ಎಡಗಡೆ ಫಾರಂ 2555, ವಿನಾಯಿತಿ ಕೇಳುವುದಕ್ಕೆ. ನಿಮ್ಮ ದುಡಿಮೆಯ ನೆಲೆ ಹೊರದೇಶದಲ್ಲಿದೆಯೇ? ಹನ್ನೆರಡು ತಿಂಗಳಲ್ಲಿ ಪೂರ್ಣ 330 ದಿನ ಹೊರಗಿದ್ದಿರಾ? ಹೊರದೇಶದಲ್ಲಿದ್ದಾಗ ಅಮೆರಿಕದಲ್ಲಿ ಮನೆ ಇಟ್ಟುಕೊಂಡಿದ್ದಿರಾ? ಅಳಿಯ ಎದೆ ತಟ್ಟಿ ಬರೆಯುತ್ತಾನೆ: ನನ್ನ ನೆಲೆ ಬೆಂಗಳೂರು, ಅಮೆರಿಕದಲ್ಲಿ ನನಗೆ ಮನೆಯಿಲ್ಲ. ಬಲಗಡೆ ಐ-864. ಪ್ರಾಯೋಜಕನ, ಅಂದರೆ ಮುಚ್ಚಳಿಕೆ ಬರೆದುಕೊಡುವವನ, ಕಾಯಂ ನೆಲೆ ಅಮೆರಿಕವಾಗಿರಬೇಕು. ಇಲ್ಲವಾದರೆ ಹೆಂಡತಿ ಕಾಲಿಡುವಷ್ಟರಲ್ಲಿ ಅಲ್ಲಿ ನೆಲೆಯೂರುತ್ತೇನೆ ಎಂಬುದಕ್ಕೆ ಪುರಾವೆ ಕೊಡಬೇಕು. ಅಳಿಯ ಎದೆಯ ಇನ್ನೊಂದು ಪಕ್ಕ ತಟ್ಟಿ ಬರೆಯುತ್ತಾನೆ: ನನ್ನ ನೆಲೆ ಅಮೆರಿಕ. ಎರಡಕ್ಕೂ ಒಬ್ಬನದೇ ಸಹಿ, ಎರಡೂ ಸುಳ್ಳು ಹೇಳಿದರೆ ಶಿಕ್ಷೆಗೆ ಗುರಿ ಎಂಬ ಪ್ರಮಾಣದ ಮೇಲೆ. ವಕೀಲರನ್ನು ಕೇಳಿದರೆ ವಿರೋಧವೇನೂ ಇಲ್ಲ ಎನ್ನುತ್ತಾರೆ. ಒಂದು ಹೋದ ವರ್ಷದ ಮನೆ, ಇನ್ನೊಂದು ಬರುವ ವರ್ಷದ ಮನೆಯಂತೆ. ಆದ್ದರಿಂದಲೇ ಹೆಂಡತಿಯ ವೀಸಾ ಸಂದರ್ಶನದ ದಿನಾಂಕ ಗೊತ್ತಾಗದಿದ್ದರೂ ನ್ಯೂಜೆರ್ಸಿಯಲ್ಲಿ ಬ್ಯಾಂಕ್ ಖಾತೆ ತೆರೆದು, ಕೆಲಸಕ್ಕೆ ಅರ್ಜಿ ಗುಜರಾಯಿಸಿ, ಯಾರೂ ಇಲ್ಲದ ಮನೆಗೆ ಬಾಡಿಗೆ ಕರಾರು ಬರೆದು, ಅದರ ಪ್ರತಿಗಳನ್ನು ಕಟ್ಟಿಕೊಂಡು ಕಾಯುವವರಿದ್ದಾರೆ.

ಇನ್ನು ಆದಾಯ. ಇಬ್ಬರ ಸಂಸಾರಕ್ಕೆ 2025ರ ಬಡತನ ರೇಖೆ 21,150 ಡಾಲರ್. ಪ್ರಾಯೋಜಕನಿಗೆ ಅದರ ಶೇ. 125ರಷ್ಟು, ಅಂದರೆ ಆ ವರ್ಷ 26,437 ಡಾಲರ್ ಆದಾಯವಿರಬೇಕಾಗಿತ್ತು. ವೈಟ್‌ಫೀಲ್ಡಿನ ಸಂಬಳಕ್ಕೆ ಇದೇನು ಮಹಾ ಎನ್ನುತ್ತೀರಿ. ಆದರೆ ಐ-864 ನೋಡುವುದು ರಿಟರ್ನ್ಸಿನ ‘ಒಟ್ಟು ಆದಾಯ’ ಎಂಬ ಸಾಲನ್ನು. ಸಂಬಳವೆಲ್ಲ 2555ರ ವಿನಾಯಿತಿಯಲ್ಲಿ ಕಳೆದುಹೋಗಿ, ಆ ಸಾಲಿನಲ್ಲಿ ಉಳಿದದ್ದು ಉಳಿತಾಯ ಖಾತೆಯ ಬಡ್ಡಿ, 61 ಡಾಲರ್. ವಿವರಣೆ ಬರೆದು ಸಂಬಳವಿದೆ ಎಂದು ತೋರಿಸಿದರೂ ಅಮೆರಿಕಕ್ಕೆ ಹೋದ ಮೇಲೆ ಅದೇ ಕೆಲಸ ಮುಂದುವರಿಯದಿದ್ದರೆ ಆ ಆದಾಯ ಲೆಕ್ಕಕ್ಕಿಲ್ಲ. ತೆರಿಗೆ ಇಲಾಖೆಯ ಕಣ್ಣಿಗೆ ಬೆಂಗಳೂರಿನ ಒಂದೊಂದು ಪೈಸೆಯೂ ಆದಾಯ, ವೀಸಾ ಅಧಿಕಾರಿಯ ಕಣ್ಣಿಗೆ ಅದೇ ಪೈಸೆ ಮಾಯೆ. ಶಂಕರಾಚಾರ್ಯರಿಗೆ ಬೇಕಾಗಿದ್ದ ಉದಾಹರಣೆ ವಾಷಿಂಗ್ಟನ್ನಿನಲ್ಲಿತ್ತು.

ಆದಾಯ ಸಾಲದಿದ್ದರೆ ಆಸ್ತಿ ತೋರಿಸಬಹುದು, ಕೊರತೆಯ ಮೂರು ಪಟ್ಟು. ಒಂದು ವರ್ಷದೊಳಗೆ ನಗದಾಗುವಂತಿರಬೇಕು. ಸಕಲೇಶಪುರದ ಕಡೆ ತಾತನ ಕಾಲದ ಕಾಫಿ ತೋಟದಲ್ಲಿ ಅಳಿಯನಿಗೆ ಪಾಲಿದೆ. ಪಹಣಿಯಲ್ಲಿ ಐದು ಹೆಸರುಗಳಿವೆ, ಐವರಲ್ಲಿ ಇಬ್ಬರು ಮಾತು ಬಿಟ್ಟು ಎಷ್ಟೋ ಕಾಲವಾಗಿದೆ. ಒಂದು ವರ್ಷದೊಳಗೆ ನಗದು! ಮುಂದಿನ ದಾರಿ ನೋಡೋಣ.

ಐದು ಡಾಲರಿನ ಅವಮಾನ ಬೇಡವೆಂದರೆ ಗಂಡ ಹೆಂಡತಿ ಜಂಟಿಯಾಗಿ ರಿಟರ್ನ್ಸ್ ಸಲ್ಲಿಸಬಹುದು. ಹಾಗೆ ಮಾಡಿದರೆ, ಅಮೆರಿಕದ ನೆಲವನ್ನು ಭೂಪಟದಲ್ಲಿ ಮಾತ್ರ ಕಂಡ ಹುಡುಗಿ ತೆರಿಗೆಯ ಮಟ್ಟಿಗೆ ಇಡೀ ವರ್ಷ ಅಮೆರಿಕದ ನಿವಾಸಿ ಎನಿಸಿಕೊಳ್ಳುತ್ತಾಳೆ. ಮೈಸೂರಿನ ಶಾಲೆಯಲ್ಲಿ ಪಾಠ ಹೇಳಿ ಪಡೆದ ಸಂಬಳ, ಅಂಚೆ ಕಚೇರಿಯ ಬಡ್ಡಿ ಎಲ್ಲವೂ ಅಲ್ಲಿಗೆ ವರದಿಯಾಗಬೇಕು. ದೇಶದೊಳಗೆ ಬಿಡಬೇಕೋ ಬೇಡವೋ ಎಂಬುದು ಇನ್ನೂ ಪರಿಶೀಲನೆಯಲ್ಲಿದೆ; ಸೇರಕ್ಕಿ ಒದ್ದು ಒಳಗೆ ಬರುವ ಮೊದಲೇ ಸೊಸೆಯಿಂದ ಮನೆ ಕಂದಾಯ ಕೇಳಿದ ಹಾಗೆ. ಅವಳಿಗೊಂದು ತೆರಿಗೆ ಸಂಖ್ಯೆ ಬೇಕಾದರೆ ಅಸಲಿ ಪಾಸ್‌ಪೋರ್ಟನ್ನೋ ಪಾಸ್‌ಪೋರ್ಟ್ ಕೊಟ್ಟ ಕಚೇರಿಯೇ ದೃಢೀಕರಿಸಿದ ಪ್ರತಿಯನ್ನೋ ಟೆಕ್ಸಸ್‌ನ ಆಸ್ಟಿನ್‌ಗೆ ಕಳಿಸಬೇಕು. ಸಂದರ್ಶನಕ್ಕೆ ಮುಂಬಯಿಗೆ ಬರುವಾಗಲೂ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಹುಡುಗಿಗಿಂತ ಮೊದಲು ಅವಳ ಪಾಸ್‌ಪೋರ್ಟ್ ಅಮೆರಿಕ ನೋಡಿ ಬರುತ್ತದೆ, ವೀಸಾ ಇಲ್ಲದೆ.

ಬ್ಯಾಂಕ್ ಖಾತೆಗಳ ಕಥೆ ಇನ್ನೂ ರಸವತ್ತಾದದ್ದು. ಹೊರದೇಶದ ಖಾತೆಗಳ ಮೊತ್ತವೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಪ್ರತಿ ಖಾತೆಯ ವರದಿ ಕೊಡಬೇಕು. ಹಾಸನದ ಸಹಕಾರ ಬ್ಯಾಂಕಿನಲ್ಲಿ ಅಳಿಯನ ತಾಯಿ, ನನ್ನ ಕಾಲಾನಂತರ ಮಗ ಅಲೆಯುವುದು ಬೇಡ ಎಂದು ತಮ್ಮ ಖಾತೆಗೆ ಅವನ ಹೆಸರನ್ನೂ ಜಂಟಿಯಾಗಿ ಸೇರಿಸಿದ್ದರು. ತಾಯಿಯ ಈ ವಾತ್ಸಲ್ಯಕ್ಕೆ ಅಮೆರಿಕದಲ್ಲಿ ‘ವರದಿ ಮಾಡತಕ್ಕ ಹಣಕಾಸು ಖಾತೆ’ ಎಂದು ಹೆಸರು. ಪಾಸ್‌ಬುಕ್ಕಿನಲ್ಲಿ ಮುದ್ರಣ ಯಂತ್ರ ಸಾಲಿನ ಮೇಲೆ ಸಾಲು ಹೊಡೆದು ಕಪ್ಪಾದ ಪುಟವಿದೆ. ಅದರಲ್ಲಿ ವರ್ಷದ ಗರಿಷ್ಠ ಶಿಲ್ಕು ಯಾವುದೆಂದು ಭೂತಗನ್ನಡಿಯಲ್ಲಿ ಹುಡುಕಿ, ಡಾಲರಿಗೆ ಪರಿವರ್ತಿಸಿ, ಬ್ಯಾಂಕಿನ ವಿಳಾಸ ಸಮೇತ ಕಳಿಸಬೇಕು. “ನನ್ನ ಅಡಿಕೆ ದುಡ್ಡಿನ ಲೆಕ್ಕ ಅವರಿಗೇಕಪ್ಪಾ?” ಎಂದು ತಾಯಿ ಕೇಳಿದರೆ ಉತ್ತರವಿಲ್ಲ. ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರವಿದೆ. ರೊಮೇನಿಯಾ ಮೂಲದ ಬಿಟ್ನರ್ ಎಂಬ ಉದ್ಯಮಿ ವರದಿ ಕೊಡದ 272 ಖಾತೆಗಳಿಗೆ ತಲಾ 10,000ದಂತೆ ಸರ್ಕಾರ 27.2 ಲಕ್ಷ ಡಾಲರ್ ದಂಡ ಕೇಳಿತು. ದಂಡ ವರದಿಗೆ ಒಂದರಂತೆ, ಖಾತೆಗೆ ಒಂದರಂತೆ ಅಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಅದು 50,000ಕ್ಕೆ ಇಳಿಯಿತು. ತೀರ್ಪು ಬಂದದ್ದು ಐದಕ್ಕೆ ನಾಲ್ಕು ಮತಗಳಲ್ಲಿ. ಮ್ಯೂಚುವಲ್ ಫಂಡ್‌ಗೆ ಸಹಿ ಹಾಕುವಾಗ ‘ನೀವು ಬೇರೆ ದೇಶದ ತೆರಿಗೆ ನಿವಾಸಿಯೇ’ ಎಂದು ನಮ್ಮನ್ನೂ ನಿಮ್ಮನ್ನೂ ಕೇಳುತ್ತಾರಲ್ಲ, ಖಾತೆಗಳ ಮಾಹಿತಿ ಹಂಚಿಕೊಳ್ಳಲು 2015ರಲ್ಲಿ ಭಾರತ ಅಮೆರಿಕದೊಂದಿಗೆ ಮಾಡಿಕೊಂಡ ಒಪ್ಪಂದವೂ ಅದರ ಹಿಂದಿದೆ. ಇಂಥ ಅಳಿಯಂದಿರನ್ನು ಹಿಡಿಯಲು ದಾವಣಗೆರೆಯ ಅಜ್ಜಿಯೂ ಚೌಕಕ್ಕೆ ಗುರುತು ಹಾಕುತ್ತಾಳೆ.

ಕೊನೆಗೆ ಉಳಿದದ್ದು ಜಂಟಿ ಪ್ರಾಯೋಜಕ: ಗಂಡನ ಜೊತೆಗೆ ತನ್ನ ಆದಾಯವನ್ನೂ ತೋರಿಸಿ ಅದೇ ಮುಚ್ಚಳಿಕೆ ಬರೆದುಕೊಡುವ ಇನ್ನೊಬ್ಬ. ನ್ಯೂಜೆರ್ಸಿಯ ಚಿಕ್ಕಪ್ಪನಿಗೆ ಫೋನು ಹೋಯಿತು. ಮದುವೆಗೆ ಬಂದು ಮೂರು ದಿನ ಕುಣಿದಿದ್ದ ಚಿಕ್ಕಪ್ಪ ಐ-864ರ ಷರತ್ತುಗಳನ್ನು ಓದಿ ಮೆತ್ತಗಾದರು. ಹುಡುಗಿ ಅಮೆರಿಕದ ಪ್ರಜೆಯಾಗುವ ತನಕ, ಇಲ್ಲವೇ ಸುಮಾರು ಹತ್ತು ವರ್ಷದ ದುಡಿಮೆ ಅವಳ ಖಾತೆಗೆ ಜಮೆಯಾಗುವ ತನಕ, ಇಲ್ಲವೇ ಅವಳು ದೇಶ ಬಿಡುವ ತನಕ, ಇಲ್ಲವೇ ಇಬ್ಬರಲ್ಲಿ ಒಬ್ಬರು ಲೋಕ ಬಿಡುವ ತನಕ ಜಾಮೀನು ಜಾರಿಯಲ್ಲಿರುತ್ತದೆ. ಮನೆ ಬದಲಿಸಿದರೆ 30 ದಿನದೊಳಗೆ ಸರ್ಕಾರಕ್ಕೆ ತಿಳಿಸಬೇಕು.

“ಒಂದು ವೇಳೆ, ದೇವರು ಹಾಗೆ ಮಾಡದಿರಲಿ, ಇವರಿಬ್ಬರಿಗೆ ಹೊಂದಾಣಿಕೆಯಾಗದೆ ವಿಚ್ಛೇದನವಾದರೆ?” ಎಂದರು ಚಿಕ್ಕಪ್ಪ.

“ಅದರಿಂದ ಜಾಮೀನು ಮುಗಿಯುವುದಿಲ್ಲ” ಎಂದರು ಮಾವನವರು. ಸೂಚನೆಗಳನ್ನು ಅವರು ಅಷ್ಟರಲ್ಲಿ ಬಾಯಿಪಾಠ ಮಾಡಿದ್ದರು. “ಗಂಡ ಬಿಟ್ಟರೂ ಪ್ರಾಯೋಜಕ ಬಿಡುವಂತಿಲ್ಲ.” ಏಳು ಹೆಜ್ಜೆ, ಅರುಂಧತಿ ನಕ್ಷತ್ರ, ಅಗ್ನಿಸಾಕ್ಷಿ ಎಲ್ಲಕ್ಕಿಂತ ಗಟ್ಟಿಯಾದ ಬಂಧ ಇದೆಂದು ತಿಳಿದ ಮೇಲೆ ಅವರಿಗೆ ಮಗಳ ಭವಿಷ್ಯದ ಬಗ್ಗೆ ಇದ್ದ ಚಿಂತೆ ಎಷ್ಟೋ ಕಡಿಮೆಯಾಯಿತು.

ಕಡತ ತಿರುಗಾಡುತ್ತಿರುವಾಗಲೇ ಮೈಸೂರಿನಲ್ಲಿ ಮಗು ಹುಟ್ಟಿತು. ತಂದೆ ಅಲ್ಲಿಯೇ ಬೆಳೆದವನಾದ್ದರಿಂದ ಮಗು ಹುಟ್ಟುತ್ತಲೇ ಅಮೆರಿಕದ ಪ್ರಜೆ. ತಾಯಿಗೆ ವೀಸಾ ಇಲ್ಲ. ಸಂಸಾರ ಮೂರು ಜನರದ್ದಾದ್ದರಿಂದ ತೋರಿಸಬೇಕಾದ ಆದಾಯವೂ ಏರಿತು. ನಾಮಕರಣಕ್ಕೆ ತಾತ ನಿವೃತ್ತಿಯ ಹಣದಲ್ಲಿ ಹತ್ತು ಲಕ್ಷವನ್ನು ಮೊಮ್ಮಗಳ ಹೆಸರಿನಲ್ಲಿ ಠೇವಣಿ ಇಡಲು ಹೊರಟರು. ಅಳಿಯ ಅವರ ಕೈ ಹಿಡಿದುಕೊಂಡ. ಹತ್ತು ಲಕ್ಷವೆಂದರೆ 10,000 ಡಾಲರ್ ದಾಟುತ್ತದೆ, ಮಗುವಿನ ಖಾತೆಗೂ ವರದಿ ಬೇಕು.

“ಮಗುವಿನದೂ ನೀವೇ ಕೊಡಬೇಕೇ?”

“ಸಾಮಾನ್ಯವಾಗಿ ಮಗುವೇ ತನ್ನ ವರದಿ ಸಲ್ಲಿಸತಕ್ಕದ್ದು ಎಂದು ನಿಯಮವಿದೆ, ಮಾವ. ವಯಸ್ಸಿನ ಕಾರಣಕ್ಕೋ ಇನ್ನಾವುದೇ ಕಾರಣಕ್ಕೋ ಅದಕ್ಕೆ ಆಗದಿದ್ದರೆ ಮಾತ್ರ ತಂದೆ ತಾಯಿ ಸಲ್ಲಿಸಬೇಕಂತೆ.”

ಮಾವನವರು ತೊಟ್ಟಿಲಿನೊಳಗೆ ಬಗ್ಗಿ ನೋಡಿದರು. “ಕಾರಣ ಕೇಳಿ ಒಂದು ನೋಟಿಸು ಮೊದಲು ಇವಳಿಗೇ ಕೊಡಬೇಕಾಗುತ್ತದೆ” ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.