ಇನ್ನೇನು, ಬಂದೇ ಬಿಡ್ತು

ಬೆಟ್ಟ ಹತ್ತುವಾಗ ಹೇಳುವ ಸುಳ್ಳುಗಳಲ್ಲಿ ಇದನ್ನು ಮೀರಿಸಿದ್ದು ಇನ್ನೊಂದಿಲ್ಲ. "ಇನ್ನೇನು, ಬಂದೇ ಬಿಡ್ತು, ಆ ತಿರುವು ದಾಟಿದ್ರೆ ಆಯ್ತು." ತಿರುವು ದಾಟುತ್ತೇವೆ. ಅಲ್ಲೊಂದು ತಿರುವು. ಕೆಳಗಿನಿಂದ ತುದಿ ಅಂತ ಕಂಡದ್ದು ಬರೀ ಬೆಟ್ಟದ ಹೆಗಲು, ತಲೆ ಅದರ ಹಿಂದೆ ಅಡಗಿ ಕೂತಿದೆ ಅಂತ ಹೆಗಲು ಹತ್ತಿದ ಮೇಲೇ ಗೊತ್ತಾಗೋದು.

ನಮ್ಮ ಗುಂಪಿನಲ್ಲಿ ನಾನು ಯಾವಾಗಲೂ ಕೊನೆ. ಮುಂದೆ ಹೋದವರು ಕೆಟ್ಟವರೇನಲ್ಲ, ಪಾಪ, ನನಗಾಗಿ ಕಾಯುತ್ತಾರೆ, ಬಂಡೆ ಮೇಲೆ ಕಾಲು ಚಾಚಿ, ಶೂ ಬಿಚ್ಚಿ, ಸಾಕ್ಸ್ ಒಣಹಾಕಿ, ನಾಲ್ಕು ಫೋಟೋ ತೆಗೆದು ಆರಾಮಾಗಿ ಇರುತ್ತಾರೆ. ನಾನು ಏದುಸಿರು ಬಿಡುತ್ತಾ ತಲುಪಿದ್ದೇ ತಡ, "ಹಾಂ, ಬಂದ್ಯಲ್ಲ, ಹೊರಡೋಣ್ವಾ?" ಅಂತ ಎದ್ದು ನಿಲ್ಲುತ್ತಾರೆ. ಸುಸ್ತು ಜಾಸ್ತಿ ಆದವನಿಗೇ ಕೂರೋ ಭಾಗ್ಯ ಇಲ್ಲ. ಎಷ್ಟೋ ಸಲ ಜಗಳ ಆಡಬೇಕು ಅನ್ನಿಸಿದೆ. ಆಡೋಕೆ ಉಸಿರು ಬೇಕಲ್ಲ.

ಇನ್ನೊಬ್ಬ ಗೆಳೆಯನದು ಎಲ್ಲಾ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಅವನಿಗೆ ಬಾಯಿಪಾಠ: ಸುಮಾರು 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಹೋದ ಸಲ 10 ಕಿಲೋಮೀಟರ್ ದಾರಿ, 900 ಮೀಟರ್ ಏರು. ಮೂರೂವರೆ ಗಂಟೆ ಅಂದ. ಆರು ಹಿಡಿಯಿತು. ನೈಸ್ಮಿತ್ ನಿಲ್ಲೋದಕ್ಕೆ ಅಂತ ಸಮಯ ಸೇರಿಸಿಲ್ಲ, ನಾವೋ ದಾರಿ ಕವಲೊಡೆದ ಕಡೆಯಲ್ಲೆಲ್ಲ ನಿಂತು ವಾದ ಮಾಡುವವರು.

ತುದಿಯಲ್ಲಿ ಚೆನ್ನಾಗಿತ್ತು. ಜಾಸ್ತಿ ಹೊತ್ತು ಕೂರಲಿಲ್ಲ, ಬೆವರಿಗೆ ನೆನೆದ ಅಂಗಿ ಗಾಳಿಗೆ ತಣ್ಣಗಾಗಿ ನಡುಕ ಬರ್ತಿತ್ತು.

ನಿಜವಾದ ಕಷ್ಟ ಇಳಿಯೋದ್ರಲ್ಲಿ. ಹತ್ತುವಾಗ ದಮ್ಮು ಹೋಗುತ್ತದೆ, ನಿಂತರೆ ವಾಪಸ್ ಬರುತ್ತದೆ. ಇಳಿಯುವಾಗ ತೊಡೆ ಬ್ರೇಕ್ ಥರ ಕೆಲಸ ಮಾಡಬೇಕು. ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆದು ಹಿಡಿಯಬೇಕು, ಅದಕ್ಕೇ ಅದು ಒಳಗೊಳಗೇ ನೋಯೋದು. ಮಜಾ ಏನಂದ್ರೆ ಆ ನೋವು ಅವತ್ತೇ ಬರಲ್ಲ, ಒಂದೆರಡು ದಿನ ಬಿಟ್ಟು, ಮೆಟ್ಟಿಲ ಮುಂದೆ ನಿಂತಾಗ ಬರುತ್ತದೆ. ಹೆಬ್ಬೆರಳಿನ ಕಥೆಯೇ ಬೇರೆ. ಪ್ರತಿ ಹೆಜ್ಜೆಗೂ ಶೂ ಮೂತಿಗೆ ಡಿಕ್ಕಿ ಹೊಡೆದು ಉಗುರು ನೇರಳೆ ಬಣ್ಣಕ್ಕೆ ತಿರುಗಿತ್ತು. ಇಳಿಯೋ ಮುಂಚೆ ಕಣಕಾಲಿನ ಹತ್ತಿರ ಲೇಸ್ ಬಿಗಿಯಾಗಿ ಕಟ್ಟಿದ್ರೆ ಪಾದ ಮುಂದಕ್ಕೆ ಜಾರಲ್ಲ ಅಂತ ಲೆಕ್ಕದ ಗೆಳೆಯನೇ ಹೇಳಿದ. ಹೇಳಿದ್ದು ಕೆಳಗೆ ಬಂದ ಮೇಲೆ.

ಅರ್ಧ ಇಳಿದಿದ್ದೆವು, ಎದುರಿಗೆ ಇನ್ನೊಂದು ಗುಂಪು ಹತ್ತಿ ಬರ್ತಿತ್ತು. ಕೊನೆಯಲ್ಲಿ ನನ್ನಂಥವನೇ ಒಬ್ಬ, ಮುಖ ಕೆಂಪಾಗಿದೆ, ಬ್ಯಾಗು ಒಂದು ಕಡೆ ವಾಲಿದೆ. "ಇನ್ನೂ ಎಷ್ಟು ದೂರ?" ಅಂದ. "ಇನ್ನೇನು..." ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಲೆಕ್ಕದ ಗೆಳೆಯ ವಾಚು ನೋಡಿ, "ಸರಿಯಾಗಿ ಎರಡು ಗಂಟೆ" ಅಂದುಬಿಟ್ಟ. ಆ ಮನುಷ್ಯ ಏನೂ ಮಾತಾಡಲಿಲ್ಲ. ಬ್ಯಾಗು ಇಳಿಸಿ ದಾರಿ ಮಧ್ಯದಲ್ಲೇ ಕೂತ. ಮೇಲಿನಿಂದ ಅವನ ಗೆಳೆಯರು ನಮ್ಮನ್ನು ನೋಡಿದ ನೋಟಕ್ಕೆ ಹೆದರಿ ನಾವು ಸರಸರ ಇಳಿದೆವು. ಇಡೀ ದಿನದಲ್ಲಿ ನಾನು ಎಲ್ಲರಿಗಿಂತ ಮುಂದಿದ್ದದ್ದು ಆಗ ಮಾತ್ರ.